ಡ್ರೈವರ್ ಕೋಡ್ ಓದುವಂತಿರಲಿ: ರೀಫ್ಯಾಕ್ಟರಿಂಗ್ ಬಗ್ಗೆ ಹತ್ತು ತಪ್ಪು ಕಲ್ಪನೆಗಳು

ಕೇಬಲ್ ಸಿಕ್ಕಿಸುತ್ತೇವೆ, ಇಂಟರ್ನೆಟ್ ಬರುತ್ತದೆ. ನಡುವೆ ಕೂತು ದುಡಿಯುವುದು ನೆಟ್‌ವರ್ಕ್ ಡ್ರೈವರ್. ಅದರ ಒಂದು ಕಡೆ ಆಪರೇಟಿಂಗ್ ಸಿಸ್ಟಮ್, ಇನ್ನೊಂದು ಕಡೆ ಚಿಪ್. ಚಿಪ್ಪಿನ ರಿಜಿಸ್ಟರುಗಳಿಗೆ ಬರೆದು ಅದಕ್ಕೆ ಕೆಲಸ ಹೇಳುವುದು, ಮೆಮೊರಿಯಲ್ಲಿ ಡಿಸ್ಕ್ರಿಪ್ಟರುಗಳ ರಿಂಗ್ ಕಟ್ಟಿ ಪ್ಯಾಕೆಟ್ ಕೊಡುವುದು, ತೆಗೆದುಕೊಳ್ಳುವುದು, ಚಿಪ್ ಇಂಟರಪ್ಟ್ ಕೊಟ್ಟಾಗ ಓಗೊಡುವುದು ಇದೇ ಅದರ ದಿನಚರಿ. ಲಿನಕ್ಸ್ ಕರ್ನಲ್‌ನ ಒಟ್ಟು ಕೋಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಡ್ರೈವರುಗಳೇ.

ಇಂಥ ಡ್ರೈವರನ್ನು ಬರೆಯುವವರು ಒಬ್ಬರಾದರೆ ಓದುವವರು ಹತ್ತಾರು ಮಂದಿ, ಅದೂ ಹತ್ತು ಹದಿನೈದು ವರ್ಷಗಳವರೆಗೆ. ಹೆಚ್ಚಿನವರು ಓದಲು ಬರುವುದು ಏನೋ ಕೆಟ್ಟಾಗ, ಆತುರದಲ್ಲಿ. ಆ ಹೊತ್ತಿನಲ್ಲಿ ಕೋಡ್ ತನ್ನ ಕಥೆಯನ್ನು ತಾನೇ ಹೇಳಬೇಕು. ಹೊರಗೆ ಕಾಣುವ ನಡವಳಿಕೆಯನ್ನು ಬದಲಿಸದೆ ಒಳಗಿನ ರಚನೆಯನ್ನು ತಿದ್ದುವುದಕ್ಕೆ ರೀಫ್ಯಾಕ್ಟರಿಂಗ್ ಎನ್ನುತ್ತೇವೆ. ಮಾರ್ಟಿನ್ ಫೌಲರ್ 1999ರಲ್ಲಿ ಇದೇ ಹೆಸರಿನ ಪುಸ್ತಕ ಬರೆದ ಮೇಲೆ ಈ ಪದ ಮನೆಮಾತಾಯಿತು. ಆದರೆ ಡ್ರೈವರ್ ಕೋಡಿಗೆ ಬಂದಾಗ ಈ ಕೆಲಸದ ಸುತ್ತ ಹಲವು ತಪ್ಪು ತಿಳಿವಳಿಕೆಗಳಿವೆ. ಬೆಂಗಳೂರಿನಲ್ಲಿ ಹಲವು ವರ್ಷ ಈ ಕೋಡಿನ ನಡುವೆಯೇ ಕಳೆದವನಾಗಿ, ರಿವ್ಯೂಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹತ್ತನ್ನು ಇಲ್ಲಿ ಒಂದೊಂದಾಗಿ ಬಿಡಿಸಿಟ್ಟಿದ್ದೇನೆ.

ತಪ್ಪು ಕಲ್ಪನೆ 1: ರೀಫ್ಯಾಕ್ಟರಿಂಗ್ ಎಂದರೆ ಇಂಡೆಂಟೇಶನ್ ಸರಿಮಾಡುವುದು, ಸಾಲು ಒಪ್ಪಮಾಡುವುದು.

ವಾಸ್ತವ: ಇದು ಕೆಲಸದ ಹೊರಮೈ ಮಾತ್ರ. ಲಿನಕ್ಸ್ ಕರ್ನಲ್‌ಗೆ ತನ್ನದೇ ಬರವಣಿಗೆಯ ಶಿಸ್ತಿದೆ. ಒಂದು ಟ್ಯಾಬ್ ಎಂದರೆ 8 ಅಕ್ಷರದ ಜಾಗ. ಸಾಲು 80 ಅಕ್ಷರದೊಳಗೆ ಇದ್ದರೆ ಮೇಲು. ತಪಾಸಣೆಯ ಚೆಕ್‌ಪ್ಯಾಚ್ ಸ್ಕ್ರಿಪ್ಟು 2020ರಿಂದ 100ರವರೆಗೆ ಸುಮ್ಮನಿರುತ್ತದೆ. ನೆಟ್‌ವರ್ಕ್ ವಿಭಾಗದಲ್ಲಿ ಇನ್ನೊಂದು ರೂಢಿ: ಲೋಕಲ್ ವೇರಿಯಬಲ್ಲುಗಳ ಘೋಷಣೆಯಲ್ಲಿ ಉದ್ದದ ಸಾಲು ಮೇಲೆ, ಗಿಡ್ಡ ಸಾಲು ಕೆಳಗೆ. ಇವೆಲ್ಲ ಬೇಕು, ಆದರೆ ಇವುಗಳಿಂದ ಅರ್ಥ ಹೊರಬರುವುದಿಲ್ಲ.

ಅರ್ಥ ಎಲ್ಲಿ ಅಡಗಿರುತ್ತದೆ ಎಂದು ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಹಳೆಯ ಡ್ರೈವರುಗಳಲ್ಲಿ ಇಂಥದ್ದು ನೂರಾರು ಸಿಗುತ್ತವೆ: ರಿಜಿಸ್ಟರಿನಿಂದ ಓದಿದ ಬೆಲೆಯನ್ನು ಹೆಕ್ಸ್ 7000ರ ಜೊತೆ ‘ಆಂಡ್’ ಮಾಡಿ, ಬಂದದ್ದನ್ನು 12 ಬಿಟ್ ಬಲಕ್ಕೆ ಸರಿಸು. ಕಂಪ್ಯೂಟರಿಗೆ ಇದು ಸ್ಪಷ್ಟ. ಓದುವವರು ಮಾತ್ರ 12, 13, 14ನೇ ಬಿಟ್ಟುಗಳೆಂದು ಬೆರಳು ಮಡಚಿ ಎಣಿಸಿ, ಆಮೇಲೆ ಡೇಟಾಶೀಟ್ ತೆರೆದು ಅಲ್ಲಿ ಲಿಂಕಿನ ವೇಗ ಬರೆದಿರುತ್ತದೆ ಎಂದು ಪತ್ತೆಹಚ್ಚಬೇಕು. ಇದನ್ನೇ ಕರ್ನಲ್‌ನ ‘ಜೆನ್‌ಮಾಸ್ಕ್’ ಮ್ಯಾಕ್ರೋ ಬಳಸಿ ‘ಲಿಂಕ್ ಸ್ಪೀಡ್: 14ರಿಂದ 12ನೇ ಬಿಟ್’ ಎಂದು ಒಮ್ಮೆ ಹೆಸರಿಟ್ಟು, ‘ಫೀಲ್ಡ್ ಗೆಟ್’ ಮ್ಯಾಕ್ರೋದಿಂದ ಓದಿಸಬಹುದು. ಎಷ್ಟು ಸರಿಸಬೇಕು ಎಂಬುದನ್ನು ಅದು ಮಾಸ್ಕಿನಿಂದಲೇ ಲೆಕ್ಕ ಹಾಕಿಕೊಳ್ಳುತ್ತದೆ. ಮೊದಲು ಎರಡು ಸಂಖ್ಯೆಗಳು ಪರಸ್ಪರ ತಾಳೆಯಾಗುತ್ತವೆಯೇ ಎಂದು ಮನುಷ್ಯ ಕಾಯಬೇಕಿತ್ತು. ಈಗ ಆ ಕಾವಲು ಕಂಪೈಲರಿನದು.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರಲಿ. ಬೇರೆ ಯಾವ ಕೆಲಸದ ನಂಟೂ ಇಲ್ಲದೆ, ಬರೀ ಚೆಕ್‌ಪ್ಯಾಚ್ ಎಚ್ಚರಿಕೆ ಹೋಗಲಾಡಿಸುವ, ವೇರಿಯಬಲ್ ಸಾಲು ಹಿಂದುಮುಂದು ಮಾಡುವ ಪ್ಯಾಚುಗಳನ್ನು ನೆಟ್‌ವರ್ಕ್ ವಿಭಾಗದ ಮೇಂಟೇನರುಗಳು ಉತ್ತೇಜಿಸುವುದಿಲ್ಲ. ಅದರಿಂದ ಆಗುವ ಲಾಭಕ್ಕಿಂತ ರಿವ್ಯೂ ಮಾಡುವವರಿಗೆ, ಹಳೆಯ ಆವೃತ್ತಿಗಳಿಗೆ ದುರಸ್ತಿ ಒಯ್ಯುವವರಿಗೆ ಆಗುವ ತೊಂದರೆ ದೊಡ್ಡದು ಎಂಬುದು ಅವರ ಅನುಭವ. ಒಂದು ಡ್ರೈವರಿನಲ್ಲಿ ನಿಜವಾದ ಕೆಲಸ ಹಿಡಿದಾಗ, ಆ ಕೆಲಸಕ್ಕೆ ದಾರಿ ಮಾಡಿಕೊಡುವ ತಿದ್ದುಪಡಿಗೆ ಬೆಲೆ ಇದೆ.

ತಪ್ಪು ಕಲ್ಪನೆ 2: ಓಡುತ್ತಿರುವ ಡ್ರೈವರನ್ನು ಮುಟ್ಟಲೇಬಾರದು.

ವಾಸ್ತವ: ನಾವು ಮುಟ್ಟದಿದ್ದರೂ ಅದರ ಕೆಳಗಿನ ನೆಲ ಸರಿಯುತ್ತಲೇ ಇರುತ್ತದೆ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರುತ್ತದೆ. ಕರ್ನಲ್‌ನ ಒಳಗಿನ ಇಂಟರ್ಫೇಸುಗಳು ಹಾಗೆಯೇ ಉಳಿಯುತ್ತವೆ ಎಂಬ ಭರವಸೆಯನ್ನು ಲಿನಕ್ಸ್ ಎಂದೂ ಕೊಟ್ಟಿಲ್ಲ. 2009ರಲ್ಲಿ ಬಂದ 2.6.29 ಆವೃತ್ತಿಯನ್ನೇ ನೋಡಿ. ಅಲ್ಲಿಯವರೆಗೆ ಪ್ರತಿ ನೆಟ್‌ವರ್ಕ್ ಸಾಧನದ ಸ್ಟ್ರಕ್ಚರಿನೊಳಗೇ ಓಪನ್, ಸ್ಟಾಪ್, ಟ್ರಾನ್ಸ್‌ಮಿಟ್ ಮುಂತಾದ ಫಂಕ್ಷನ್ ಪಾಯಿಂಟರುಗಳು ಚದುರಿ ಕೂತಿದ್ದವು. ಅವನ್ನೆಲ್ಲ ‘ನೆಟ್ ಡಿವೈಸ್ ಆಪ್ಸ್’ ಎಂಬ ಒಂದೇ ಕೋಷ್ಟಕಕ್ಕೆ ಸೇರಿಸಲಾಯಿತು. ಮುಂದಿನ ಆವೃತ್ತಿಗಳಲ್ಲಿ ಒಂದಾದ ಮೇಲೊಂದರಂತೆ ಎಲ್ಲ ಡ್ರೈವರುಗಳೂ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಇಂದು ಹೊಸ ಡ್ರೈವರ್ ತೆರೆದವರು ಮೊದಲು ಆ ಕೋಷ್ಟಕ ಹುಡುಕುತ್ತಾರೆ. ಇದು ಏನೇನು ಮಾಡಬಲ್ಲದು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

ಇದರ ಮೇಲೆ ಚಿಪ್ಪಿನ ಹೊಸ ರಿವಿಷನ್ ಬರುತ್ತದೆ, ಹೊಸ ಬೋರ್ಡ್ ಬರುತ್ತದೆ, ಭದ್ರತೆಯ ದೋಷ ಸಿಗುತ್ತದೆ. ಡ್ರೈವರಿಗೆ ಕೈ ಹಾಕುವ ದಿನ ಬಂದೇ ಬರುತ್ತದೆ. ಅಂದು ಕೈ ಹಾಕುವವರಿಗೆ ಅದು ಅರ್ಥವಾಗುತ್ತದೆಯೇ ಎಂಬುದನ್ನು ನಾವು ಇಂದೇ ಯೋಚಿಸಬೇಕು.

ತಪ್ಪು ಕಲ್ಪನೆ 3: ಉಪಯೋಗವಿಲ್ಲದಂತೆ ಕಾಣುವ ಸಾಲನ್ನು ತೆಗೆದರೆ ಕೋಡ್ ಚೊಕ್ಕಟವಾಗುತ್ತದೆ.

ವಾಸ್ತವ: ಹತ್ತರಲ್ಲಿ ಅತಿ ಅಪಾಯಕಾರಿ ಕಲ್ಪನೆ ಇದೇ. ಇದರ ಪಾಠ ನನಗೆ ಸಿಕ್ಕಿದ್ದು ನನ್ನದೇ ಪ್ಯಾಚಿನಿಂದ.

ಆಗ ನಾನು ಒಂದು ಕಂಪನಿಯ ಈಥರ್ನೆಟ್ ಡ್ರೈವರನ್ನು ಹಸನು ಮಾಡುತ್ತಿದ್ದೆ. ಲಿಂಕ್ ಇದೆಯೇ ಎಂದು ನೋಡುವ ಫಂಕ್ಷನ್ನಿನಲ್ಲಿ ಒಂದೇ ಸ್ಟೇಟಸ್ ರಿಜಿಸ್ಟರನ್ನು ಎರಡು ಸಲ ಓದಿದ್ದರು. ಮೊದಲ ಓದಿನ ಬೆಲೆಯನ್ನು ಎಲ್ಲಿಯೂ ಬಳಸಿರಲಿಲ್ಲ. ಕಾಮೆಂಟ್ ಇರಲಿಲ್ಲ. ಯಾರೋ ಕಾಪಿ ಮಾಡುವಾಗ ಉಳಿದುಹೋದ ಸಾಲು ಎಂದುಕೊಂಡು ಅಳಿಸಿದೆ. ನನ್ನ ಮೇಜಿನ ಬೋರ್ಡಿನಲ್ಲಿ ಎಲ್ಲವೂ ಸರಿಯಾಗಿ ಓಡಿತು. ರಿವ್ಯೂನಲ್ಲಿಯೂ ಯಾರೂ ಏನೂ ಅನ್ನಲಿಲ್ಲ.

ಕೆಲವು ವಾರಗಳ ನಂತರ ಗ್ರಾಹಕರಿಂದ ದೂರು ಬಂತು: ಕೇಬಲ್ ಹಾಕಿದರೆ ಪೋರ್ಟಿನ ದೀಪ ಉರಿಯುತ್ತದೆ, ಆದರೆ ಇಂಟರ್ಫೇಸ್ ಮಾತ್ರ ಲಿಂಕ್ ಇಲ್ಲ ಎನ್ನುತ್ತದೆ. ಕಾರಣ ಸಿಗಲು ನಾಲ್ಕು ದಿನ ಹಿಡಿಯಿತು. ಈಥರ್ನೆಟ್ ಫಿಜಿಕಲ್ ಚಿಪ್ಪಿನ 1ನೇ ರಿಜಿಸ್ಟರಿನಲ್ಲಿ 2ನೇ ಬಿಟ್ ಲಿಂಕಿನ ಸ್ಥಿತಿ ಹೇಳುತ್ತದೆ. ಐಇಇಇ 802.3 ಪ್ರಮಾಣಕದ ಪ್ರಕಾರ ಆ ಬಿಟ್ ‘ಲ್ಯಾಚ್’ ಆಗುತ್ತದೆ. ಅಂದರೆ ಲಿಂಕ್ ಒಂದು ಕ್ಷಣ ಕಡಿದರೂ ಬಿಟ್ ಸೊನ್ನೆಗೆ ಇಳಿದು, ಯಾರಾದರೂ ಓದುವವರೆಗೆ ಸೊನ್ನೆಯಾಗಿಯೇ ನಿಲ್ಲುತ್ತದೆ. ಕ್ಷಣಮಾತ್ರದ ಕಡಿತವೂ ಸಾಫ್ಟ್‌ವೇರಿನ ಕಣ್ಣು ತಪ್ಪದಿರಲಿ ಎಂದು ಮಾಡಿದ ಏರ್ಪಾಡು ಅದು. ಹಾಗಾಗಿ ಮೊದಲ ಓದು ಹಿಂದೆ ಆದದ್ದನ್ನು ಹೇಳುತ್ತದೆ, ಎರಡನೆಯ ಓದು ಈಗಿನದನ್ನು.

ನನ್ನ ಮೇಜಿನ ಬೋರ್ಡ್ ಸೆಕೆಂಡಿಗೊಮ್ಮೆ ಲಿಂಕ್ ನೋಡುತ್ತಿತ್ತು. ಒಂದು ಸಲ ಸೊನ್ನೆ ಸಿಕ್ಕರೂ ಮುಂದಿನ ಸೆಕೆಂಡಿನಲ್ಲಿ ಸರಿಯಾದ ಉತ್ತರ ಸಿಗುತ್ತಿತ್ತು. ಒಂದು ಸೆಕೆಂಡಿನ ತಡ ಯಾರ ಗಮನಕ್ಕೂ ಬರಲಿಲ್ಲ. ಗ್ರಾಹಕರ ಬೋರ್ಡ್ ಇಂಟರಪ್ಟ್ ಬಂದಾಗ ಮಾತ್ರ ನೋಡುತ್ತಿತ್ತು. ಲಿಂಕ್ ಬಂತೆಂದು ಒಂದು ಇಂಟರಪ್ಟ್, ಆಗ ಒಂದೇ ಓದು, ಅದರಲ್ಲಿ ಸಿಕ್ಕಿದ್ದು ಹಳೆಯ ಸೊನ್ನೆ. ಮತ್ತೆ ಕೇಳುವವರು ಯಾರೂ ಇರಲಿಲ್ಲ.

ಇಂಥ ಸಾಲುಗಳು ಡ್ರೈವರಿನಲ್ಲಿ ಎಲ್ಲೆಲ್ಲೂ ಇರುತ್ತವೆ. ಇಂಟೆಲ್‌ನ ಇ1000 ಸರಣಿಯಲ್ಲಿ ಇಂಟರಪ್ಟಿನ ಕಾರಣ ಹೇಳುವ ರಿಜಿಸ್ಟರನ್ನು ಓದಿದರೆ ಸಾಕು, ಅದು ಅಳಿಸಿಹೋಗುತ್ತದೆ. ಓದುವುದೇ ಅಲ್ಲಿ ಒಂದು ಕ್ರಿಯೆ. ಪಿಸಿಐ ಬಸ್ಸಿನಲ್ಲಿ ರಿಜಿಸ್ಟರಿಗೆ ಬರೆದದ್ದು ದಾರಿಯಲ್ಲಿ ಕಾಯುತ್ತಿರಬಹುದು. ಅದನ್ನು ಚಿಪ್ಪಿನವರೆಗೆ ತಳ್ಳಲು ಒಮ್ಮೆ ಓದುವುದುಂಟು. ಪ್ಯಾಕೆಟ್ ಕಳಿಸುವಾಗ ಡಿಸ್ಕ್ರಿಪ್ಟರಿನಲ್ಲಿ ಮೊದಲು ವಿಳಾಸ ಮತ್ತು ಉದ್ದ ಬರೆದು, ನಡುವೆ ಮೆಮೊರಿ ಬ್ಯಾರಿಯರ್ ಹಾಕಿ, ಕೊನೆಗೆ ‘ಇದು ಇನ್ನು ನಿನ್ನದು’ ಎಂದು ಚಿಪ್ಪಿಗೆ ಹೇಳುವ ಓನ್ ಬಿಟ್ ಏರಿಸಬೇಕು. ಚಂದ ಕಾಣಲೆಂದು ಈ ಕ್ರಮ ಬದಲಿಸಿದರೆ, ಅರ್ಧ ಬರೆದ ಡಿಸ್ಕ್ರಿಪ್ಟರನ್ನು ಚಿಪ್ ಎತ್ತಿಕೊಂಡು ಎಲ್ಲಿಯದೋ ಮೆಮೊರಿಯನ್ನು ತಂತಿಗೆ ಸುರಿಯಬಹುದು.

ಆದ್ದರಿಂದ ಅರ್ಥವಾಗದ ಸಾಲು ಕಂಡರೆ ಮೊದಲು ಅದರ ಇತಿಹಾಸ ತೆಗೆಯಿರಿ, ಡೇಟಾಶೀಟ್ ನೋಡಿ, ಚಿಪ್ಪಿನ ದೋಷಪಟ್ಟಿ ನೋಡಿ. ಕಾರಣ ಸಿಕ್ಕ ಮೇಲೆ ಆ ಕಾರಣವನ್ನು ಕೋಡಿನಲ್ಲಿ ಕಾಣುವಂತೆ ಮಾಡಿ.

ತಪ್ಪು ಕಲ್ಪನೆ 4: ಸಣ್ಣ ಸಣ್ಣ ಫಂಕ್ಷನ್ ಮಾಡಿದರೆ ಡ್ರೈವರ್ ನಿಧಾನವಾಗುತ್ತದೆ.

ವಾಸ್ತವ: ಈ ಭಯಕ್ಕೆ ಹಿನ್ನೆಲೆ ಇದೆ. ಸೆಕೆಂಡಿಗೆ 10 ಗಿಗಾಬಿಟ್ ಲಿಂಕಿನಲ್ಲಿ 64 ಬೈಟಿನ ಚಿಕ್ಕ ಫ್ರೇಮುಗಳೇ ಬಂದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ 80 ಸಾವಿರ ಪ್ಯಾಕೆಟ್. ಒಂದೊಂದಕ್ಕೆ ಸಿಗುವುದು 67.2 ನ್ಯಾನೋಸೆಕೆಂಡ್. ಇಲ್ಲಿ ಪ್ರತಿ ಹೆಜ್ಜೆಗೂ ಲೆಕ್ಕವಿದೆ.

ಆದರೆ ಡ್ರೈವರಿನ ಬಹುಪಾಲು ಕೋಡ್ ಈ ದಾರಿಯಲ್ಲಿ ಇರುವುದೇ ಇಲ್ಲ. ಪ್ರೋಬ್ ಫಂಕ್ಷನ್ ಸಾಧನ ಸಿಕ್ಕಾಗ ಒಮ್ಮೆ ಓಡುತ್ತದೆ. ಇಥ್‌ಟೂಲ್ ಕಮಾಂಡಿಗೆ ಉತ್ತರಿಸುವ ಕೋಡ್ ಯಾರಾದರೂ ಕೇಳಿದಾಗ ಓಡುತ್ತದೆ. ಅಲ್ಲಿ ನಾಲ್ಕು ಫಂಕ್ಷನ್ ಹೆಚ್ಚಾದರೆ ಏನೂ ಆಗುವುದಿಲ್ಲ. ಪ್ಯಾಕೆಟ್ ಹಾಯುವ ಬಿಸಿ ದಾರಿಯಲ್ಲಿಯೂ, ಅದೇ ಫೈಲಿನ ‘ಸ್ಟ್ಯಾಟಿಕ್’ ಫಂಕ್ಷನ್ ಒಂದೇ ಕಡೆಯಿಂದ ಕರೆಯಲ್ಪಟ್ಟರೆ ಕಂಪೈಲರ್ ಸಾಮಾನ್ಯವಾಗಿ ಅದನ್ನು ಕರೆದ ಜಾಗದಲ್ಲಿಯೇ ಬಿಚ್ಚಿ ಹಾಸುತ್ತದೆ. ಮುನ್ನೂರು ಸಾಲಿನ ಫಂಕ್ಷನ್ನನ್ನು ಐದಾಗಿ ಒಡೆದರೂ ಹೊರಬರುವ ಯಂತ್ರಭಾಷೆ ಹೆಚ್ಚುಕಡಿಮೆ ಅದೇ ಆಗಿರಬಹುದು. ಊಹೆ ಬೇಡ, ಯಂತ್ರಭಾಷೆ ತೋರಿಸುವ ಆಬ್ಜ್‌ಡಂಪ್ ಹಾಕಿ ಮೊದಲಿನದನ್ನೂ ಈಗಿನದನ್ನೂ ಹೋಲಿಸಿ. ಕರ್ನಲ್ ಮೂಲದಲ್ಲಿಯೇ ಇರುವ ‘ಬ್ಲೋಟ್-ಓ-ಮೀಟರ್’ ಎಂಬ ಸ್ಕ್ರಿಪ್ಟು ಯಾವ ಫಂಕ್ಷನ್ ಎಷ್ಟು ಬೈಟ್ ದಪ್ಪಗಾಯಿತು ಎಂದು ತೋರಿಸುತ್ತದೆ.

ನಿಜವಾಗಿ ವೇಗ ತಿನ್ನುವುದು ಬೇರೆ. ಫಂಕ್ಷನ್ ಪಾಯಿಂಟರ್ ಮೂಲಕ ಹೋಗುವ ಕರೆಗಳು 2018ರಲ್ಲಿ ಸ್ಪೆಕ್ಟರ್ ದೋಷ ಬಯಲಾಗಿ, ಅದನ್ನು ತಡೆಯುವ ರೆಟ್‌ಪೊಲೀನ್ ತಂತ್ರ ಬಂದ ಮೇಲೆ ದುಬಾರಿಯಾದವು. ಎರಡನೆಯದು, ಸ್ಟ್ರಕ್ಚರಿನ ಸದಸ್ಯರ ಜಾಗ. ಬಿಸಿ ದಾರಿಯಲ್ಲಿ ಒಟ್ಟಿಗೆ ಬೇಕಾಗುವ ಸದಸ್ಯರು 64 ಬೈಟಿನ ಒಂದೇ ಕ್ಯಾಶ್ ಲೈನಿನಲ್ಲಿ ಕೂತಿದ್ದರೆ, ವಿಷಯವಾರು ಜೋಡಿಸುತ್ತೇನೆಂದು ಅವರನ್ನು ಬೇರೆ ಮಾಡಬೇಡಿ. ಯಾರು ಎಲ್ಲಿ ಕೂತಿದ್ದಾರೆ ಎಂದು ‘ಪಾಹೋಲ್’ ಎಂಬ ಸಾಧನ ತೋರಿಸುತ್ತದೆ.

ತಪ್ಪು ಕಲ್ಪನೆ 5: ಸಾಲು ಕಡಿಮೆಯಾದಷ್ಟೂ ಓದುವುದು ಸುಲಭ.

ವಾಸ್ತವ: ಸಾಲಿನ ಲೆಕ್ಕಕ್ಕಿಂತ, ಓದುವಾಗ ತಲೆಯಲ್ಲಿ ಏಕಕಾಲಕ್ಕೆ ಎಷ್ಟು ಇಟ್ಟುಕೊಳ್ಳಬೇಕು ಎಂಬುದೇ ಮುಖ್ಯ. ಕರ್ನಲ್‌ನ ಬರವಣಿಗೆಯ ಕೈಪಿಡಿ ಹೇಳುವುದೂ ಇದನ್ನೇ: ಫಂಕ್ಷನ್ ಒಂದೆರಡು ಪರದೆಯೊಳಗೆ ಮುಗಿಯಲಿ, ಲೋಕಲ್ ವೇರಿಯಬಲ್ಲುಗಳು ಐದು ಹತ್ತರ ಮೇಲೆ ಹೋಗದಿರಲಿ, ಮೂರಕ್ಕಿಂತ ಆಳದ ಇಂಡೆಂಟೇಶನ್ ಕಂಡರೆ ರಚನೆಯನ್ನೇ ತಿದ್ದಿ.

ಡ್ರೈವರುಗಳಲ್ಲಿ ಸಾಲು ಉಳಿಸುವ ಆಸೆ ಹೆಚ್ಚಾಗಿ ಬರುವುದು ಎರಡು ಚಿಪ್ಪುಗಳನ್ನು ಒಂದೇ ಕೋಡಿನಲ್ಲಿ ತುರುಕುವಾಗ. ಮೊದಲು ಒಂದು ‘ಇಫ್’, ಆಮೇಲೆ ನಾಲ್ಕು, ಆಮೇಲೆ ಒಂದೊಂದು ಫಂಕ್ಷನ್ನಿನ ತುಂಬ ಚಿಪ್ಪಿನ ಹೆಸರುಗಳು. ಇಂಟೆಲ್‌ನ ಇ1000 ಡ್ರೈವರಿನ ಕಥೆ ಇದೇ. ಹಳೆಯ ಪಿಸಿಐ ಕಾರ್ಡುಗಳಿಂದ ಹೊಸ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳವರೆಗೆ ಎಲ್ಲವನ್ನೂ ಅದೊಂದೇ ಹೊತ್ತಿತ್ತು. 2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಚಿಪ್ಪುಗಳಿಗೆಂದೇ ಇ1000ಇ ಎಂಬ ಬೇರೆ ಡ್ರೈವರ್ ಸೇರಿತು. ಒಂದಿಷ್ಟು ಕೋಡ್ ಎರಡೂ ಕಡೆ ಉಳಿಯಿತು. ಆದರೆ ಹೊಸ ಚಿಪ್ಪಿಗೆಂದು ತಿದ್ದುವಾಗ ಹಳೆಯ ಕಾರ್ಡ್ ಕೆಡುತ್ತದೆಯೇ ಎಂಬ ಚಿಂತೆ ಹೋಯಿತು. ಆ ನೆಮ್ಮದಿಗೆ ಸಾವಿರಾರು ಸಾಲುಗಳ ಬೆಲೆ ಹೆಚ್ಚೇನಲ್ಲ.

ತಪ್ಪು ಕಲ್ಪನೆ 6: ‘ಗೋಟು’ ಇದ್ದರೆ ಅದು ಕೆಟ್ಟ ಕೋಡ್, ಮೊದಲು ಅದನ್ನು ಕಿತ್ತುಹಾಕಬೇಕು.

ವಾಸ್ತವ: ಡೈಕ್‌ಸ್ಟ್ರಾ 1968ರಲ್ಲಿ ಗೋಟು ವಿರುದ್ಧ ಬರೆದ ಪತ್ರ ಕಾಲೇಜುಗಳಲ್ಲಿ ಇಂದಿಗೂ ಪಾಠ. ಅಂಕೆಯಿಲ್ಲದೆ ಅತ್ತಿತ್ತ ನೆಗೆಯುವ ಗೋಟು ಅವರ ಗುರಿಯಾಗಿತ್ತು. ಕರ್ನಲ್‌ನಲ್ಲಿ ಗೋಟು ಮಾಡುವ ಕೆಲಸ ಶಿಸ್ತಿನದು: ಕೆಳಮುಖವಾಗಿ ಒಂದೇ ದಿಕ್ಕಿಗೆ ಹೋಗಿ, ಪಡೆದದ್ದನ್ನು ಹಿಂದಿರುಗಿಸುವುದು.

ಪ್ರೋಬ್ ಫಂಕ್ಷನ್ ನೋಡಿ. ಸಾಧನವನ್ನು ಎಬ್ಬಿಸಬೇಕು, ರಿಜಿಸ್ಟರುಗಳನ್ನು ಮೆಮೊರಿಗೆ ಮ್ಯಾಪ್ ಮಾಡಬೇಕು, ರಿಂಗಿಗೆ ಜಾಗ ಪಡೆಯಬೇಕು, ಇಂಟರಪ್ಟ್ ಕೇಳಿಕೊಳ್ಳಬೇಕು, ಕೊನೆಗೆ ಇಂಟರ್ಫೇಸನ್ನು ನೋಂದಾಯಿಸಬೇಕು. ನಾಲ್ಕನೆಯ ಹೆಜ್ಜೆ ಸೋತರೆ ಮೂರು, ಎರಡು, ಒಂದು ಎಂದು ಬಿಚ್ಚಿಕೊಂಡು ಬರಬೇಕು. ಮದುವೆ ಚಪ್ಪರ ಬಿಚ್ಚುವವರು ಕೊನೆಗೆ ಕಟ್ಟಿದ್ದನ್ನು ಮೊದಲು ಬಿಚ್ಚುತ್ತಾರಲ್ಲ, ಹಾಗೆ. ಗೋಟು ಇಲ್ಲದೆ ಇದನ್ನು ಬರೆಯಹೊರಟರೆ ಒಂದೋ ಐದು ಪದರದ ‘ಇಫ್’, ಇಲ್ಲವೇ ಪ್ರತಿ ಸೋಲಿನ ಬಳಿಯೂ ಅದೇ ಬಿಡುಗಡೆಯ ಸಾಲುಗಳ ನಕಲು; ಅವುಗಳಲ್ಲಿ ಒಂದನ್ನು ಯಾರೋ ಮರೆತಿರುತ್ತಾರೆ.

ತಿದ್ದಬೇಕಾದದ್ದು ಲೇಬಲ್ಲುಗಳ ಹೆಸರನ್ನು. ‘ಎರ್ರ್1’, ‘ಎರ್ರ್2’ ಏನನ್ನೂ ಹೇಳುವುದಿಲ್ಲ. ‘ರಿಂಗ್ ಬಿಡು’, ‘ಇಂಟರಪ್ಟ್ ಬಿಡು’ ಎಂಬರ್ಥದ ಹೆಸರಿಟ್ಟರೆ ಅಲ್ಲಿ ಏನಾಗುತ್ತದೆ ಎಂಬುದು ಗೋಟು ಸಾಲಿನಲ್ಲಿಯೇ ಗೊತ್ತಾಗುತ್ತದೆ. ನೋಂದಣಿ ಕೊನೆಯ ಹೆಜ್ಜೆಯಾಗಿಯೇ ಉಳಿಯಲಿ. ಅದು ಆದ ಕ್ಷಣದಿಂದ ಯಾರು ಬೇಕಾದರೂ ಇಂಟರ್ಫೇಸನ್ನು ಮೇಲೆಬ್ಬಿಸಬಹುದು. ಆ ಹೊತ್ತಿಗೆ ಉಳಿದೆಲ್ಲ ಸಿದ್ಧವಿರಬೇಕು.

ತಪ್ಪು ಕಲ್ಪನೆ 7: ಕಾಮೆಂಟ್ ತುಂಬಿಸಿದರೆ ಕೋಡ್ ಓದಲು ಬರುತ್ತದೆ.

ವಾಸ್ತವ: ‘ಎಣಿಕೆ ಒಂದು ಹೆಚ್ಚಿಸು’ ಎಂಬ ಕಾಮೆಂಟ್ ಯಾರಿಗೂ ಬೇಡ, ಅದು ಕೋಡಿನಲ್ಲಿಯೇ ಇದೆ. ಕಾಮೆಂಟ್ ‘100 ಮಿಲಿಸೆಕೆಂಡ್ ಕಾಯಿರಿ’ ಎಂದು, ಕೋಡ್ 10 ಎಂದು ಹೇಳುವ ಜಾಗಗಳನ್ನು ನೋಡಿದ್ದೇನೆ. ಕೋಡ್ ಬದಲಾದಾಗ ಕಾಮೆಂಟ್ ಹಿಂದೆ ಉಳಿಯುತ್ತದೆ. ಕಂಪೈಲರ್ ಅದನ್ನು ಪರೀಕ್ಷಿಸುವುದಿಲ್ಲ.

ಏನು ಮಾಡುತ್ತಿದ್ದೇವೆ ಎಂಬುದನ್ನು ಹೆಸರೇ ಹೇಳಲಿ. ಹೆಡ್‌ನಿಂದ ಟೇಲ್ ಕಳೆದು ರಿಂಗಿನ ಅಳತೆಯ ಜೊತೆ ಹೋಲಿಸುವ ಲೆಕ್ಕಕ್ಕೆ ‘ರಿಂಗಿನಲ್ಲಿ ಜಾಗ ಇದೆಯೇ’ ಎಂಬರ್ಥದ ಫಂಕ್ಷನ್ ಹೆಸರು ಕೊಟ್ಟರೆ ಕಾಮೆಂಟಿನ ಅಗತ್ಯ ಬೀಳುವುದಿಲ್ಲ. ಕೈಯಾರೆ ಬರೆದ ಕಾಯುವ ಲೂಪನ್ನು ತೆಗೆದು ‘ರೀಡ್ ಪೋಲ್ ಟೈಮ್‌ಔಟ್’ ಬಳಗದ ಮ್ಯಾಕ್ರೋ ಹಾಕಿದರೆ ಯಾವ ರಿಜಿಸ್ಟರ್, ಯಾವ ಷರತ್ತು, ಎಷ್ಟು ಹೊತ್ತಿಗೊಮ್ಮೆ, ಒಟ್ಟು ಎಷ್ಟು ಹೊತ್ತು ಎಂಬ ನಾಲ್ಕೂ ಒಂದೇ ಕಡೆ ಕಾಣುತ್ತವೆ. ಗಡುವು ಮುಗಿದ ಮೇಲೆ ಕೊನೆಯದಾಗಿ ಇನ್ನೊಮ್ಮೆ ನೋಡುವ ಎಚ್ಚರವೂ ಅದರೊಳಗಿದೆ. ಕೈಬರಹದ ಲೂಪುಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಅದೇ.

ಕಾಮೆಂಟ್ ಬೇಕಾಗುವುದು ‘ಏಕೆ’ ಎಂಬುದಕ್ಕೆ. ಈ ಚಿಪ್ಪಿನ ಇಂಥ ರಿವಿಷನ್ನಿನಲ್ಲಿ ಇಂಥ ದೋಷ, ಅದಕ್ಕಾಗಿ ಈ ಸುತ್ತುದಾರಿ. ಈ ಬ್ಯಾರಿಯರ್ ಯಾವುದಕ್ಕಿಂತ ಮೊದಲು ಯಾವುದು ಕಾಣಬೇಕೆಂದು ಹಾಕಿದ್ದು. ಕಾಮೆಂಟ್ ಇಲ್ಲದ ಮೆಮೊರಿ ಬ್ಯಾರಿಯರ್ ಕಂಡರೆ ಚೆಕ್‌ಪ್ಯಾಚ್ ಕೂಡ ಎಚ್ಚರಿಸುತ್ತದೆ.

ತಪ್ಪು ಕಲ್ಪನೆ 8: ನಮ್ಮ ಚಿಪ್ ಎಲ್ಲರಂತಲ್ಲ, ನಮ್ಮ ಕೋಡನ್ನು ನಾವೇ ಬರೆದುಕೊಳ್ಳಬೇಕು.

ವಾಸ್ತವ: ಪ್ರತಿ ಚಿಪ್ಪಿನಲ್ಲಿಯೂ ಬೇರೆಯಾದದ್ದು ಸ್ವಲ್ಪ, ಎಲ್ಲರಿಗೂ ಸಮಾನವಾದದ್ದು ಬಹಳ. ಮೊದಲಿನ ದಿನಗಳಲ್ಲಿ ಹಲವು ವೈಫೈ ಡ್ರೈವರುಗಳು 802.11 ಪ್ರೋಟೋಕಾಲನ್ನೇ ತಮ್ಮ ತಮ್ಮ ಹೊಟ್ಟೆಯೊಳಗೆ ಹೊತ್ತುಕೊಂಡಿದ್ದವು. 2007ರಲ್ಲಿ 2.6.22 ಆವೃತ್ತಿಯೊಂದಿಗೆ ಮ್ಯಾಕ್80211 ಎಂಬ ಸಾಮಾನ್ಯ ಪದರ ಬಂದ ಮೇಲೆ, ಅದನ್ನು ಬಳಸುವ ಡ್ರೈವರುಗಳಲ್ಲಿ ಉಳಿದದ್ದು ಮುಖ್ಯವಾಗಿ ಚಿಪ್ಪಿನ ಜೊತೆಗಿನ ಮಾತು. ಫಿಜಿಕಲ್ ಚಿಪ್ಪುಗಳಿಗೆ ಫಿಲಿಬ್ ಮತ್ತು ಫಿಲಿಂಕ್ ಇವೆ. ಇಂಟರಪ್ಟುಗಳ ಸುರಿಮಳೆ ತಡೆದು ಕಂತಿನಲ್ಲಿ ಪ್ಯಾಕೆಟ್ ಎತ್ತಲು ನಾಪಿ ಇದೆ. ಪ್ಯಾಕೆಟ್ಟಿನ ಮೆಮೊರಿಯನ್ನು ಮರುಬಳಸಲು ಪೇಜ್ ಪೂಲ್ ಇದೆ.

ನಾನು ಅಳಿಸಿದ ಸಾಲಿನ ವಿಷಯವನ್ನೇ ತೆಗೆದುಕೊಳ್ಳಿ. ಆ ಬಿಟ್ ಲ್ಯಾಚ್ ಆಗುತ್ತದೆ, ಯಾವಾಗ ಎರಡು ಸಲ ಓದಬೇಕು, ಯಾವಾಗ ಓದಬಾರದು ಎಂಬುದೆಲ್ಲ ಫಿಲಿಬ್‌ನಲ್ಲಿ ಕಾಮೆಂಟಿನ ಸಮೇತ ಇದೆ. ನಮ್ಮ ಡ್ರೈವರ್ ತನ್ನದೇ ಕೋಡ್ ಇಟ್ಟುಕೊಂಡಿದ್ದರಿಂದ ಆ ತಿಳಿವಳಿಕೆ ನಮ್ಮ ಕೈಗೆ ಬರಲಿಲ್ಲ. ಐನೂರು ಸಾಲಿನ ಸ್ವಂತ ಕೋಡನ್ನು ತೆಗೆದು ಸಾಮಾನ್ಯ ಲೈಬ್ರರಿಗೆ ಒಪ್ಪಿಸುವುದು ಡ್ರೈವರಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ.

ತಪ್ಪು ಕಲ್ಪನೆ 9: ತಿದ್ದುವಾಗ ಸಿಕ್ಕ ಬಗ್ಗುಗಳನ್ನೂ ಅದೇ ಪ್ಯಾಚಿನಲ್ಲಿ ಸರಿಪಡಿಸಿದರೆ ಸಮಯ ಉಳಿಯುತ್ತದೆ.

ವಾಸ್ತವ: ಉಳಿಯುವುದು ಕಳಿಸುವವರ ಹತ್ತು ನಿಮಿಷ, ಹೋಗುವುದು ಉಳಿದವರ ದಿನಗಳು. ಲಿನಕ್ಸ್ ನೆಟ್‌ವರ್ಕಿಂಗ್‌ನಲ್ಲಿ ಎರಡು ಗಿಟ್ ಮರಗಳೇ ಬೇರೆ ಇವೆ: ದುರಸ್ತಿಗೆ ‘ನೆಟ್’, ಹೊಸ ಕೆಲಸ ಮತ್ತು ರೀಫ್ಯಾಕ್ಟರಿಂಗಿಗೆ ‘ನೆಟ್-ನೆಕ್ಸ್ಟ್’. ಬಗ್ಗಿನ ದುರಸ್ತಿ ಹಳೆಯ ಸ್ಥಿರ ಆವೃತ್ತಿಗಳಿಗೂ ಹೋಗಬೇಕು. ಅದು ನೂರು ಸಾಲಿನ ಹೆಸರು ಬದಲಾವಣೆಯಲ್ಲಿ ಹೂತುಹೋದರೆ ಅಲ್ಲಿಗೆ ಒಯ್ಯುವುದು ಹೇಗೆ? ಆದ್ದರಿಂದ ದುರಸ್ತಿ ಮೊದಲು, ಬೇರೆಯಾಗಿ. ಅದು ಸೇರಿದ ಮೇಲೆ ರಚನೆಯ ತಿದ್ದುಪಡಿ.

ತಿದ್ದುಪಡಿಯನ್ನೂ ಬಿಡಿಸಿ ಕಳಿಸಬೇಕು. ಫಂಕ್ಷನ್ ಜಾಗ ಬದಲಿಸುವುದು ಒಂದು ಪ್ಯಾಚ್, ಹೆಸರು ಬದಲಿಸುವುದು ಇನ್ನೊಂದು, ಒಡೆಯುವುದು ಮತ್ತೊಂದು. ಒಂದು ಸರಣಿಯಲ್ಲಿ 15ಕ್ಕಿಂತ ಹೆಚ್ಚು ಪ್ಯಾಚ್ ಬೇಡ ಎಂಬ ನಿಯಮವೂ ಇಲ್ಲಿದೆ. ಪ್ರತಿ ಪ್ಯಾಚ್ ಹಾಕಿದ ಮೇಲೂ ಡ್ರೈವರ್ ಕಂಪೈಲ್ ಆಗಿ ಓಡಬೇಕು. ಹೀಗಿದ್ದರೆ ಮುಂದೆ ಏನಾದರೂ ಕೆಟ್ಟಾಗ ಗಿಟ್ ಬೈಸೆಕ್ಟ್ ಸಾವಿರ ಕಮಿಟ್‌ಗಳ ನಡುವೆ ತಪ್ಪಿತಸ್ಥನನ್ನು ಹತ್ತೇ ಪರೀಕ್ಷೆಯಲ್ಲಿ ಹಿಡಿದುಕೊಡುತ್ತದೆ. ಸಿಕ್ಕ ಕಮಿಟ್ ಇಪ್ಪತ್ತು ಸಾಲಿನದಾದರೆ ಕಾರಣ ಕಣ್ಣಿಗೆ ಬೀಳುತ್ತದೆ. ಎರಡು ಸಾವಿರ ಸಾಲಿನದಾದರೆ ಹುಡುಕಾಟ ಅಲ್ಲಿಂದ ಮತ್ತೆ ಶುರು.

ತಿದ್ದಿದರೆ ಕೋಡಿನ ಗಿಟ್ ಇತಿಹಾಸ ಹಾಳಾಗುತ್ತದೆ ಎಂಬ ಆತಂಕಕ್ಕೂ ಉತ್ತರ ಇಲ್ಲಿಯೇ ಇದೆ. ಈಥರ್ನೆಟ್ ಡ್ರೈವರುಗಳೆಲ್ಲ ಒಂದೇ ಡೈರೆಕ್ಟರಿಯಲ್ಲಿ ಗುಂಪಾಗಿ ಬಿದ್ದಿದ್ದ ಕಾಲವಿತ್ತು. 2011ರಲ್ಲಿ ಅವನ್ನು ತಯಾರಕರವಾರು ಫೋಲ್ಡರುಗಳಿಗೆ ಸ್ಥಳಾಂತರಿಸಲಾಯಿತು, 3.2 ಆವೃತ್ತಿಯಲ್ಲಿ ಅದು ಹೊರಬಂತು. ಸ್ಥಳಾಂತರವನ್ನು ಸ್ಥಳಾಂತರವಾಗಿಯೇ ಮಾಡಿದ್ದರಿಂದ ಗಿಟ್ ಇಂದಿಗೂ ಆ ಫೈಲುಗಳ ಹಿಂದಿನ ಜಾಡು ಹಿಡಿಯುತ್ತದೆ.

ತಪ್ಪು ಕಲ್ಪನೆ 10: ನಡವಳಿಕೆ ಬದಲಾಗಿಲ್ಲವಲ್ಲ, ಕಂಪೈಲ್ ಆದರೆ ಸಾಕು.

ವಾಸ್ತವ: ನಡವಳಿಕೆ ಬದಲಾಗಿಲ್ಲ ಎಂಬುದು ನಮ್ಮ ನಂಬಿಕೆ, ಅದನ್ನು ತೋರಿಸಿಕೊಡಬೇಕು. ಬರೀ ಹೆಸರು ಬದಲಾಗಿದ್ದರೆ ಹಿಂದಿನ ಮತ್ತು ಈಗಿನ ಯಂತ್ರಭಾಷೆಯನ್ನು ಹೋಲಿಸಿದರೆ ಆಯಿತು. ಬೈಟ್ ಕ್ರಮದ ತಪ್ಪುಗಳನ್ನು ‘ಸ್ಪಾರ್ಸ್’ ಎಂಬ ಸಾಧನ ಹಿಡಿಯುತ್ತದೆ: ಚಿಪ್ಪಿಗೆ ಲಿಟಲ್ ಎಂಡಿಯನ್ ಬೇಕಾದ ಕಡೆ ಪ್ರೊಸೆಸರಿನ ಕ್ರಮದಲ್ಲಿ ಬರೆದರೆ ನಮ್ಮ ಎಕ್ಸ್86 ಯಂತ್ರದಲ್ಲಿ ಏನೂ ಗೊತ್ತಾಗುವುದಿಲ್ಲ, ಬಿಗ್ ಎಂಡಿಯನ್ ಯಂತ್ರದಲ್ಲಿ ಡ್ರೈವರ್ ಮೇಲೇಳುವುದೇ ಇಲ್ಲ.

ಅದಾದ ಮೇಲೆ ಯಂತ್ರದ ಮುಂದೆ ಕೂರಬೇಕು. ಮಾಡ್ಯೂಲನ್ನು ಹಾಕಿ ತೆಗೆಯಿರಿ, ಹಲವು ಸಲ. ಇಂಟರ್ಫೇಸನ್ನು ಟ್ರಾಫಿಕ್ ಓಡುತ್ತಿರುವಾಗಲೇ ಕೆಳಗಿಳಿಸಿ. ಕೇಬಲ್ ಕೀಳಿ, ಹಾಕಿ. ಎಂಟಿಯು ಬದಲಿಸಿ. ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿ. ಪ್ರೋಬ್‌ನ ಪ್ರತಿ ಹೆಜ್ಜೆಯನ್ನೂ ಬೇಕೆಂದೇ ಸೋಲಿಸಿ, ಬಿಚ್ಚುವ ದಾರಿ ಸರಿಯಿದೆಯೇ ನೋಡಿ. ಅದು ದಿನನಿತ್ಯ ಓಡದ ಕೋಡ್, ತಪ್ಪು ಅಡಗುವುದು ಅಲ್ಲಿಯೇ. ಇದನ್ನೆಲ್ಲ ಮಾಡುವಾಗ ಕಾಸನ್, ಕೆಮೆಮ್‌ಲೀಕ್, ಲಾಕ್‌ಡೆಪ್ ಎಂಬ ಕರ್ನಲ್‌ನ ತಪಾಸಣಾ ಸಾಧನಗಳು ಆನ್ ಇರಲಿ. ಮುಖ್ಯವಾಗಿ, ನಿಮ್ಮ ಮೇಜಿನ ಮೇಲಿನ ಬೋರ್ಡ್ ಒಂದನ್ನೇ ನಂಬಬೇಡಿ. ಇಂಟರಪ್ಟ್ ಇರುವ ಬೋರ್ಡನ್ನು ಪಕ್ಕದ ಲ್ಯಾಬಿನಿಂದ ತಂದು ಒಮ್ಮೆ ಕೇಬಲ್ ಹಾಕಿ ನೋಡಿದ್ದರೆ ನನ್ನ ತಪ್ಪು ಅಂದೇ ಸಿಕ್ಕಿಬೀಳುತ್ತಿತ್ತು.

---

ನಾನು ಅಳಿಸಿದ್ದ ಆ ಮೊದಲ ಓದನ್ನು ನಾವು ಮತ್ತೆ ಹಾಕಿದೆವು. ಮೊದಲಿದ್ದಂತೆ ಬರೀ ಒಂದು ಸಾಲಾಗಿ ಹಾಕಲಿಲ್ಲ. ‘ಲ್ಯಾಚ್ ಆದ ಲಿಂಕ್ ಸ್ಥಿತಿ ಬಿಡಿಸಿ ಓದು’ ಎಂಬರ್ಥದ ಸಣ್ಣ ಫಂಕ್ಷನ್ ಮಾಡಿದೆವು. ಮೇಲೆ ಮೂರು ಸಾಲಿನ ಕಾಮೆಂಟ್: ಬಿಟ್ ಏಕೆ ಸೊನ್ನೆಯಾಗಿ ನಿಲ್ಲುತ್ತದೆ, ಮೊದಲ ಓದನ್ನು ಏಕೆ ಬಿಸಾಡುತ್ತೇವೆ, ಇಂಟರಪ್ಟ್ ಬೋರ್ಡುಗಳಲ್ಲಿ ಇದಿಲ್ಲದಿದ್ದರೆ ಏನಾಗುತ್ತದೆ. ಡ್ರೈವರಿಗೆ ಒಟ್ಟು ಹತ್ತು ಸಾಲು ಹೆಚ್ಚಾಯಿತು.

ಎರಡು ವರ್ಷದ ನಂತರ ಆ ಫೈಲನ್ನು ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರಿಗೆ ಕೊಟ್ಟರು. ಅವರು ಅದನ್ನು ಫಿಲಿಬ್‌ಗೆ ಬದಲಾಯಿಸುವ ಸರಣಿ ಕಳಿಸಿದಾಗ ನಾನು ರಿವ್ಯೂ ಮಾಡಿದೆ. ನಮ್ಮ ಆ ಫಂಕ್ಷನ್ನನ್ನು ತೆಗೆಯುವ ಪ್ಯಾಚಿನ ವಿವರಣೆಯಲ್ಲಿ ಅವರು ಹೀಗೆ ಬರೆದಿದ್ದರು: ಲ್ಯಾಚ್ ಆಗುವ ಬಿಟ್ಟನ್ನು ಇನ್ನು ಮುಂದೆ ಫಿಲಿಬ್ ನೋಡಿಕೊಳ್ಳುತ್ತದೆ, ಇಂಟರಪ್ಟ್ ಬೋರ್ಡಿನಲ್ಲಿಯೂ ಸೆಕೆಂಡಿಗೊಮ್ಮೆ ನೋಡುವ ಬೋರ್ಡಿನಲ್ಲಿಯೂ ಕೇಬಲ್ ಕಿತ್ತು ಹಾಕಿ ಪರೀಕ್ಷಿಸಿದ್ದೇನೆ. ಅವರು ನನ್ನನ್ನು ಏನನ್ನೂ ಕೇಳಿರಲಿಲ್ಲ. ಬೇಕಾದದ್ದೆಲ್ಲ ಅವರಿಗೆ ಕೋಡಿನಲ್ಲಿಯೇ ಸಿಕ್ಕಿತ್ತು.